ಸಂತೆಯ ದಿನದ ಚರ್ಮದ ಡಾಕ್ಟರು

ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯೊಳಗೇ ಇದ್ದ ಕಾಲ. ಚರ್ಮರೋಗದ ಚಿಕಿತ್ಸೆ ಜನರಿಗೆ ಹೇಗೆ ತಲುಪುತ್ತಿದೆ ಎಂದು ಅಧ್ಯಯನ ಮಾಡುವ ತಂಡವೊಂದರಲ್ಲಿ ನನಗೆ ಕೆಲಸ ಸಿಕ್ಕಿತ್ತು. ಆಸ್ಪತ್ರೆಗೆ ಬಂದವರನ್ನು ಮಾತಾಡಿಸಿ ಟೇಪು ಮಾಡಿಕೊಳ್ಳಬೇಕು. ಬರೀ ಕೇಳಬೇಕು, ಸಲಹೆ ಕೊಡಕೂಡದು ಎಂದು ಮೇಲಿನವರ ತಾಕೀತು. ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ, ಸಂಬಳಕ್ಕಾಗಿ ಒಪ್ಪಿಕೊಂಡಿದ್ದೆ.

ಚರ್ಮದ ಡಾಕ್ಟರು ಒಬ್ಬರೇ. ಮೈಸೂರಿನಿಂದ ವಾರಕ್ಕೊಂದು ದಿನ ಇಲ್ಲಿಗೆ, ಇನ್ನೊಂದು ದಿನ ಗುಂಡ್ಲುಪೇಟೆಗೆ ಬರುತ್ತಿದ್ದರು. ಎರಡೂ ಕಡೆ ಸಂತೆಯ ದಿನವೇ. ಹಳ್ಳಿಯವರು ಅವತ್ತು ಹೇಗೂ ಪೇಟೆಗೆ ಬರುತ್ತಾರೆ, ಒಂದೇ ಬಸ್ ಚಾರ್ಜಿನಲ್ಲಿ ಎರಡೂ ಕೆಲಸ ಆಗಲಿ ಅಂತ. ನನಗೂ ಅದು ಸರಿಯಾಗಿಯೇ ಕಂಡಿತ್ತು.

ಉಡಿಗಾಲದ ತಾಯಿಯೊಬ್ಬಳು ಮಾತ್ರ ಸಂತೆ ಇಲ್ಲದ ದಿನಗಳಲ್ಲೇ ಮಗಳನ್ನು ಕರೆತಂದು, ಅಪ್ಪಿತಪ್ಪಿ ಬಂದಾರೇನೋ ಎಂದು ಡಾಕ್ಟರಿಲ್ಲದ ಕೋಣೆಯ ಮುಂದೆ ಕೂತು ವಾಪಸಾಗುತ್ತಿದ್ದಳು. ಹುಡುಗಿಯ ಮೊಣಕೈ ಹತ್ತಿರ ಮಾಸಲು ಮಚ್ಚೆ. ಅಲ್ಲಿಗೆ ಒಲೆ ತಾಗಿದರೂ ಗೊತ್ತಾಗುವುದಿಲ್ಲವಂತೆ. ಕುಷ್ಠವಿರಬಹುದೆಂದು ಊಹಿಸುವಷ್ಟು ನಾನೂ ಕಲಿತಿದ್ದೆ. ಹೆದರಿಕೆಯಾಯಿತು.

“ಸಂತೆ ದಿನ ಯಾಕೆ ಬರಲ್ಲಮ್ಮ?” ಎಂದೆ.

“ಅವತ್ತು ನಮ್ಮೂರೇ ಇಲ್ಲಿರ್ತದೆ ಕಣವ್ವ. ಇವ್ಳ ಈ ಬಾಗ್ಲಲ್ಲಿ ಕೂರ್ಸುದ್ರೆ, ನಮಗಿಂತ ಮುಂಚೇನೆ ಸುದ್ದಿ ಊರಿಗೋಯ್ತದೆ. ಗುಂಡ್ಲುಪೇಟೆಗೆ ಓಗನ ಅಂದ್ರೆ ಇವ್ಳಿಗೆ ಗೊತ್ ಮಾಡಿರೋ ಗಂಡಿನ್ ಮನೆಯೋರು ಅಲ್ಲೇ ಅವ್ರೆ.”

ತಾಕೀತು ಮೀರಿ ಹೇಳಿಬಿಟ್ಟೆ: “ಮಾತ್ರೆ ಪುಕ್ಕಟೆ ಕೊಡ್ತಾರಮ್ಮ. ಬೇಗ ತೋರಿಸಿದ್ರೆ ಪೂರ್ತಿ ವಾಸಿಯಾಗುತ್ತೆ.”

“ವಾಸಿ ಆಯ್ತದೆ, ಸರಿ. ಮದ್ವೆ ಆಯ್ತದಾ?”

ದಿನ ಬದಲಾಯಿಸಿ ಎಂದು ಆಸ್ಪತ್ರೆಯ ದೊಡ್ಡವರನ್ನು ಕೇಳಿದೆ. ಒಬ್ಬರಿಗೋಸ್ಕರ ಬದಲಾಯಿಸಿದರೆ ದೂರದೂರಿನ ಮಿಕ್ಕವರು ಏನು ಮಾಡಬೇಕು ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ; ಇಲ್ಲಿ ಬೈಯೋಣವೆಂದರೆ ಪೂಜಾರಿಯೂ ಕೆಟ್ಟವನಲ್ಲ. ನಮ್ಮ ತಂಡದ ಹಿರಿಯರು ಟೇಪು ಕೇಳಿ, “ಎಷ್ಟು ಚೆನ್ನಾಗಿ ಹೇಳಿದ್ದಾಳೆ!” ಎಂದು ಸಂತೋಷಪಟ್ಟರು. ಅವಳ ಮಾತು ವರದಿಗೆ ಸೇರಿತು. ಸಿಟ್ಟಿಗೆ ನಾನು ಅವತ್ತು ಊಟ ಬಿಟ್ಟೆ, ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಮರುವರ್ಷ ಗುಂಡ್ಲುಪೇಟೆಯ ಸಂತೆಯಲ್ಲಿ ಆ ಹುಡುಗಿ ಕಂಡಳು. ಕೊರಳಲ್ಲಿ ತಾಳಿ, ಪಕ್ಕದಲ್ಲಿ ಗಂಡ. ತರಕಾರಿಯವನು ಚಿಲ್ಲರೆ ಕೊಟ್ಟಾಗ ಕೈ ಚಾಚಿದಳು. ಕಿರುಬೆರಳು, ಉಂಗುರದ ಬೆರಳು ಎರಡೂ ಮಡಚಿಕೊಂಡಿದ್ದವು, ನೆಟ್ಟಗಾಗಲಿಲ್ಲ. ಡಾಕ್ಟರು ಅವತ್ತು ಬಂದಿದ್ದರು. ಆಸ್ಪತ್ರೆ ಅಲ್ಲಿಂದ ಕೂಗಳತೆ ದೂರ.

ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಗಂಡನಿಗೆ ಕಾಣದ ಹಾಗೆ, ಬೇಡ ಎಂದು ತಲೆಯಾಡಿಸಿದಳು.