ದುಗ್ಗಪ್ಪನ ಸೈಕಲ್ಲಿಗೆ ಮೋಟಾರು ಬಂದ ಮೇಲೆ

ಚಾರ್ಜರ್ ಬಿಸಿಯಾಗಿದೆಯೇ ಎಂದು ಪ್ರೇಕ್ಷಾ ಮುಟ್ಟಿ ನೋಡಿದ್ದು ಆ ಮಧ್ಯಾಹ್ನ ಎಂಟನೆಯ ಸಲ. ಕಂಕುಳಲ್ಲಿ ಕೂಸು, ಕಣ್ಣು ಬ್ಯಾಟರಿಯ ಮೇಲೆ. ಇದೇನಾದರೂ ಸಿಡಿದರೆ? ಕೂಸು ಅಂಬೆಗಾಲಿಟ್ಟು ಬಂದು ವಯರು ಎಳೆದರೆ?

"ಅದೆಂತ ಕೋಳಿ ಮೊಟ್ಟಿಯಾ, ಗಳಿಗಿಗೊಂದ್ಸಲ ಮುಟ್ಟಿ ಕಾಂಬುಕೆ?" ಜಗಲಿಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಮಾವ ದುಗ್ಗಪ್ಪ ಕೆಣಕಿದರು.

ಅವಳಿಗೆ ನಗು ಬರಲಿಲ್ಲ. ಅಂಗಳದಲ್ಲಿ ನಿಂತ ಸೈಕಲ್ಲಿನ ಪೆಟ್ಟಿಗೆಯಲ್ಲಿ ಅರ್ಧಕ್ಕರ್ಧ ಬಂಗುಡೆ ಮೀನು ಹಾಗೇ ವಾಪಸು ಬಂದಿತ್ತು. ಸತತ ಐದನೆಯ ದಿನ.

ದುಗ್ಗಪ್ಪ ಮೂವತ್ತೆಂಟು ವರ್ಷದಿಂದ ಕೊಡೇರಿಯ ಕಡಲ ಬದಿಯಿಂದ ಬಿಜೂರಿನ ಮನೆಗಳಿಗೆ ಸೈಕಲ್ಲಿನಲ್ಲೇ ಮೀನು ಒಯ್ದವರು. ಯಾರ ಮನೆಯಲ್ಲಿ ಸೋಮವಾರ ಮೀನು ಮುಟ್ಟುವುದಿಲ್ಲ, ಯಾವ ಬಾಣಂತಿಗೆ ಯಾವ ಮೀನು ಆಗುತ್ತದೆ, ಎಲ್ಲ ಬಾಯಿಪಾಠ. 2014ರ ಮಳೆಗಾಲ ಮುಗಿಯುವ ಹೊತ್ತಿಗೆ ಬಿಜೂರಿನ ಏರಿನಲ್ಲಿ ಮೊಣಕಾಲು ಕೈಕೊಟ್ಟು, ಪೆಟ್ಟಿಗೆ ಸಮೇತ ಬಿದ್ದರು. ಹದಿನೈದು ದಿನ ಮನೆಯಲ್ಲಿ ಕೂತರು. ಊಟ ಬೇಡ, ಮಾತು ಬೇಡ. ಸೈಕಲ್ಲಿನ ಹಾರ್ನು ಬಿಚ್ಚಿ ತಂದು ಒರೆಸುತ್ತ ಕೂರುವುದೊಂದೇ ಕೆಲಸ.

ಅದನ್ನು ನೋಡಲಾರದೆ ಬೋಟಿನಲ್ಲಿದ್ದ ಗಂಡ ರೋಷನ್‌ಗೆ ಫೋನು ಹಚ್ಚಿ ಮೋಟಾರು ಕಿಟ್ ತರಿಸಿದವಳು ಪ್ರೇಕ್ಷಾ. ಮುಂಬಯಿ ಬದಿಯ ಡೊಂಬಿವಿಲಿಯಲ್ಲಿ ಓದಿ ಬೆಳೆದವಳು. ಅಲ್ಲಿ ಪೇಪರು ಹಾಕುವವನ ಸೈಕಲ್ಲಿನಲ್ಲಿ ಅಂಥದ್ದನ್ನು ಕಂಡಿದ್ದಳು. ಸೈಕಲ್ ಶಾಪಿನ ಚಂದಯ್ಯ ಹಿಂದಿನ ಗಾಲಿ ಕಳಚಿ, ನಡುವೆ ಮೋಟಾರಿರುವ ಹೊಸ ಗಾಲಿ ಕೂರಿಸಿದ. ಮೀನಿನ ಪೆಟ್ಟಿಗೆಯ ಉಪ್ಪುನೀರು ತಾಗದ ಹಾಗೆ ಬ್ಯಾಟರಿಯನ್ನು ಸೀಟಿನ ಮುಂದೆ ಬಿಗಿದ.

"ಇದೂ ಆತಿಲ್ಲೆ ಅಂದ್ರೆ ಸೈಕಲ್ ಕೊಟ್ಟ್ ಮನೆಲೇ ಕೂತ್ಕಂತೆ" ಎಂದಿದ್ದರು ದುಗ್ಗಪ್ಪ. ಆ ಮಾತು ಅವಳ ತಲೆಯಿಂದ ಹೋಗುತ್ತಲೇ ಇರಲಿಲ್ಲ.

"ಮಾವ, ಮೀನು ಯಾಕೆ ಉಳೀತಿದೆ?"

"ಜನಕ್ಕ್ ಮೋಟಾರಿನ್ ಮೀನ್ ಬ್ಯಾಡ ಕಾಣತ್. ಹಾರ್ನ್ ಹೊಡ್ದ್ರೂ ಯಾರೂ ಹೊರಗ್ ಬತ್ತಿಲ್ಲೆ."

ಮರುದಿನ ಅವರು ಕಡಲ ಬದಿಗೆ ಹೊರಟದ್ದೇ ತಡ, ಪ್ರೇಕ್ಷಾ ಕೂಸನ್ನೆತ್ತಿಕೊಂಡು ಬಿಜೂರಿನ ಬಸ್ಸು ಹತ್ತಿದಳು. ಗಂಜಿ ಡಬ್ಬಿ, ಬಿಸಿನೀರು, ಟೊಪ್ಪಿ ಎಲ್ಲ ಇದೆಯೇ ಎಂದು ದಾರಿಯಲ್ಲಿ ಮೂರು ಸಲ ಚೀಲ ಬಿಚ್ಚಿ ನೋಡಿದಳು. ಏರಿನ ನಡುವಿಗೆ ವನಜಕ್ಕನ ಮನೆ; ಮಾವನ ಹಳೆಯ ಗಿರಾಕಿ.

"ದುಗ್ಗಪ್ಪಣ್ಣನ್ ಸೊಸಿ ಅಲ್ದಾ! ಬಾ ಬಾ. ನಿನ್ ಮಾವನಿಗ್ ಎಂತ ಆಯ್ತೇ? ನಾವ್ ತಟ್ಟಿ ಹಿಡ್ಕಂಡ್ ಹೊರಗ್ ಬಪ್ಪತಿಗೆ ಆಳೇ ಇಲ್ಲೆ!"

ಪ್ರೇಕ್ಷಾ ಬಾಯಿ ತೆರೆಯುವಷ್ಟರಲ್ಲಿ ಏರಿನ ಬುಡದಿಂದ ಪೋಂ ಪೋಂ ಕೇಳಿತು. ವನಜಕ್ಕ ಒಳಗೆ ಓಡಿದರು. ಒಲೆ ಸಣ್ಣ ಮಾಡಿದರು, ತಟ್ಟೆ ತೊಳೆದರು, ಹಿತ್ತಿಲ ಬಾಗಿಲಲ್ಲಿ ನಿಂತು "ಬಾಗೀ, ಮೀನ್ ಬಂತೇ!" ಎಂದು ಪಕ್ಕದ ಮನೆಗೆ ಕೂಗಿದರು. ಅಷ್ಟರಲ್ಲಿ ಮಾವ ಪೆಡಲನ್ನೂ ತುಳಿಯದೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಗೇಟಿನ ಮುಂದೆ ಜುಯ್ಯೆಂದು ಹಾದೇ ಹೋದರು.

ಪ್ರೇಕ್ಷಾಳಿಗೆ ಆಗ ಹೊಳೆಯಿತು. ಇಷ್ಟು ವರ್ಷ ಅವರು ಬುಡದಲ್ಲಿ ಹಾರ್ನು ಹೊಡೆದು, ಇಳಿದು, ಏದುತ್ತ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದರು. ಆ ತಳ್ಳುವ ಹೊತ್ತೇ ಇವರು ತಟ್ಟೆ ತೊಳೆಯುವ ಹೊತ್ತು.

"ಹ್ವಾಯ್ ಮಾವಾ! ನಿಲ್ಲಿ!"

ಅಷ್ಟು ದೊಡ್ಡ ದನಿ ತನಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಕೂಸು ಬೆಚ್ಚಿ ಅತ್ತಿತು. ಏರಿನ ತುದಿಯಲ್ಲಿ ಬ್ರೇಕು ಕಿರುಗುಟ್ಟಿತು.

"ಮಗು ಕಟ್ಕಂಡ್ ನೀ ಎಂತಕ್ ಬಂದೆ?" ಅವಳು ಓಡೋಡಿ ಹತ್ತಿರ ಬಂದಾಗ ದುಗ್ಗಪ್ಪ ಗಾಬರಿಯಾದರು.

"ಕೆಳಗೆ ಹಾರ್ನು ಹೊಡೀಬೇಡಿ. ಮೇಲೆ ಬಂದು ಹೊಡೆದು, ಇಲ್ಲೇ ನಿಂತ್ಕೊಳ್ಳಿ."

"ನಿಂತ್ಕಂಬುದಾ? ಎಷ್ಟೊತ್ತ್?"

"ಮೊದಲು ತಳ್ಳಿಕೊಂಡು ಬರ್ತಿದ್ದಷ್ಟು ಹೊತ್ತು."

ಹಿಂದೆಯೇ ವನಜಕ್ಕ ತಟ್ಟೆ ಹಿಡಿದು ಏದುತ್ತ ಬಂದರು, ಅವರ ಹಿಂದೆ ಬಾಗಿ. "ಮೋಟಾರ್ ಹಾಕಿದ್ದ್ ನಿಮ್ ಸೈಕಲ್ಲಿಗ್ ದುಗ್ಗಪ್ಪಣ್ಣ, ನಮ್ ಕಾಲಿಗಲ್ಲ!"

ಆ ಮಧ್ಯಾಹ್ನ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನೀರು ಮಾತ್ರ ಉಳಿದಿತ್ತು. ದುಗ್ಗಪ್ಪ ಅದನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬಂದು ಎಣ್ಣೆ ಬಾಟಲಿ ಹಿಡಿದು ಕೂತರು.

"ಏರ್ ಹತ್ತುಕೆ ಎಂತ ತೊಂದ್ರಿ ಇಲ್ಲೆ, ಹೆಣೆ. ಸುಮ್ನೆ ನಿಂತ್ಕಂಬುದೇ ಕಷ್ಟ."

ಪ್ರೇಕ್ಷಾ ಚಾರ್ಜರಿಗೆ ಬೆರಳು ತಾಗಿಸಿ ನೋಡುತ್ತಿದ್ದಳು.