ಸುಬ್ಬಲಕ್ಷ್ಮಮ್ಮ ಉಸಿರು ನೋಡಿದ್ದು

ಮಾತ್ರೆ ಮಗಳಿಗೆ, ಪಾಠ ತಾಯಿಗೆ. ಕೋಲಾರದ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದು ಹಾಗೆ. ಸುಬ್ಬಲಕ್ಷ್ಮಮ್ಮ ಆ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಊರಿಗೆ ಬಂದವಳು, ಪಕ್ಕದ ಮನೆಯ ಚಿಕ್ಕವೆಂಕಟಮ್ಮನ ಮುಂದೆ ಗಂಟು ಬಿಚ್ಚಿದಳು. ಇಬ್ಬರಿಗೂ ಓದು ಅಷ್ಟಕ್ಕಷ್ಟೆ. ಆದರೂ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಎಂಟು ಗುರುವಾರ ಬಂಗಾರಪೇಟೆಗೆ ಓಗ್ಬೇಕಂತೆ. ಕಾಯ್ಲೆಯೋರನ್ನ ನೋಡ್ಕೊಳ್ಳೋರೆಲ್ಲ ಕೂತ್ಕೊಂಡು ಮನಸ್ಸು ನೋಡ್ಕೋಬೇಕಂತೆ.”

“ಕನ್ನಡಿ ಅವರೇ ಕೊಡ್ತಾರಾ, ನೀನು ತಗೊಂಡೋಗ್ಬೇಕಾ?” ಎಂದಳು ಚಿಕ್ಕವೆಂಕಟಮ್ಮ. “ಕಾಲು ಮುರ್ದಿರೋದು ಎತ್ತಿಗೆ, ಪಟ್ಟಿ ಕಟ್ಟೋದು ಗಾಡಿಗೆ. ಒಳ್ಳೆ ಡಾಕ್ಟ್ರು ಸಿಕ್ಕಿದ್ರು ಕಣ ಸುಬ್ಬಕ್ಕ ನಿಂಗೆ!”

ಸುಬ್ಬಲಕ್ಷ್ಮಮ್ಮನಿಗೆ ನಗು ಬಂತು. ನಗುತ್ತಲೇ ಒಳಗೆ ಹಣಕಿ ನೋಡಿದಳು. ಮಗಳು ಶ್ರೀದೇವಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೊದಿಕೆ ಮೇಲೆ ಕೆಳಗೆ ಆಡುತ್ತಿತ್ತು. ಅದನ್ನು ಕಂಡ ಮೇಲೆಯೇ ಈಚೆಗೆ ತಿರುಗಿದ್ದು.

ಶ್ರೀದೇವಿಗೆ ಇಪ್ಪತ್ತೇಳು ವರ್ಷ. ಐದು ವರ್ಷ ದಿನಾ ಬೆಳಿಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ವೈಟ್‌ಫೀಲ್ಡ್ ಕಡೆಯ ಗಾರ್ಮೆಂಟ್ಸಿಗೆ ಹೋಗಿ ಬರುತ್ತಿದ್ದವಳು. ಗೆಳತಿಯರ ಜೊತೆ ಜಗಳ ಆಡಿ ಸೀಟು ಹಿಡಿಯುತ್ತಿದ್ದವಳು. ಕಳೆದ ವರ್ಷ ಒಂದು ದಿನ ಸ್ಟೇಷನ್ನಿಗೆ ಹೋದವಳು ರೈಲು ಹತ್ತಲೇ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಪ್ಲಾಟ್‌ಫಾರಮಿನ ಕೊನೆಯಲ್ಲಿ, ಅಂಚಿಗೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳಂತೆ. ಹೂವು ಮಾರುವವಳೊಬ್ಬಳು ಕೈಹಿಡಿದು ಎಬ್ಬಿಸಿ ಆಟೋ ಹತ್ತಿಸಿ ಕಳಿಸಿದಳು. “ರೈಲು ಬಂತಮ್ಮ, ಓಯ್ತು. ಬಂತು, ಓಯ್ತು,” ಎಂದಷ್ಟೇ ಹೇಳಿ ಮಲಗಿದ ಹುಡುಗಿ, ಆಮೇಲೆ ಸರಿಯಾಗಿ ಎದ್ದಿದ್ದೇ ಇಲ್ಲ.

ಊರಿನವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಗಾಳಿ ಸೋಕಿದೆ ಎಂದರು. ಮದುವೆ ಮಾಡಿದರೆ ಸರಿಹೋಗುತ್ತಾಳೆ ಎಂದರು. ಫೋನು ನೋಡಿ ನೋಡಿ ತಲೆ ಕೆಟ್ಟಿದೆ ಎಂದರು. ಸುಬ್ಬಲಕ್ಷ್ಮಮ್ಮ ಪ್ರತಿಯೊಂದನ್ನೂ ನಾಲ್ಕು ನಾಲ್ಕು ದಿನ ನಂಬಿದಳು. ತಾಯತ ಕಟ್ಟಿಸಿದಳು, ಫೋನನ್ನು ರಾಗಿ ಡಬ್ಬದಲ್ಲಿ ಬಚ್ಚಿಟ್ಟಳು. ಡಾಕ್ಟರು ಮಾತ್ರ, “ಇದು ಖಿನ್ನತೆಯಮ್ಮ, ಕಾಯಿಲೆ. ಗುಣವಾಗುತ್ತೆ, ನಿಧಾನ ಆಗುತ್ತೆ,” ಎಂದರು. ಅದನ್ನೂ ನಂಬಿದಳು. ಆದರೆ ಪ್ಲಾಟ್‌ಫಾರಮಿನ ಅಂಚು ಕಣ್ಣಿನಿಂದ ಹೋಗಲಿಲ್ಲ. ಬಚ್ಚಲುಮನೆಯ ಅಗುಳಿ ಕಿತ್ತುಹಾಕಿದಳು. ಗಂಡ ತೀರಿಕೊಂಡು ಏಳು ವರ್ಷವಾಗಿತ್ತು. ಎರಡು ಸೀಮೆಹಸುಗಳನ್ನು ಒಬ್ಬಳೇ ನೋಡಿಕೊಳ್ಳುವ ಹೆಂಗಸು, ಹಾಲು ಕರೆಯುವಾಗಲೂ ಮಗಳನ್ನು ಎಬ್ಬಿಸಿ ಕೊಟ್ಟಿಗೆಯ ಕಲ್ಲಿನ ಮೇಲೆ ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಡೈರಿಗೆ ಹಾಲು ಹಾಕಲು ಹೋಗುವಾಗಲೂ ಕೈಹಿಡಿದು ಕರೆದೊಯ್ಯುತ್ತಿದ್ದಳು.

“ಗುರುವಾರ ಇವಳ್ನ ಯಾರು ನೋಡ್ಕೊಳ್ಳೋದು?”

“ನಾನಿಲ್ವಾ? ಬಂದು ಬಾಗಿಲಲ್ಲೇ ಕೂತ್ಕೊತೀನಿ. ನನ್ನ ದಾಟ್ಕೊಂಡು ಇಲೀನೂ ಓಗಲ್ಲ,” ಎಂದಳು ಚಿಕ್ಕವೆಂಕಟಮ್ಮ. ಅವಳ ಗಾತ್ರಕ್ಕೆ ಆ ಮಾತು ಸುಳ್ಳೇನಲ್ಲ.

ಪಾಠ ನಡೆಯುತ್ತಿದ್ದುದು ಸ್ಟೇಷನ್ ಹತ್ತಿರ, ಒಂದು ಮಹಡಿಯ ಮೇಲೆ. ಒಂಬತ್ತು ಜನ ಬಂದಿದ್ದರು. ಕಲಿಸುವವಳು ಸುಮಲತ, ಹೆಚ್ಚು ಕಡಿಮೆ ಶ್ರೀದೇವಿಯ ವಯಸ್ಸಿನ ಹುಡುಗಿ. ಮೊದಲ ದಿನ ಎಲ್ಲರ ಅಂಗೈಗೂ ಒಂದೊಂದು ಒಣದ್ರಾಕ್ಷಿ ಇಟ್ಟಳು. ನೋಡಿ, ಮೂಸಿ, ಆಮೇಲೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯಿರಿ ಎಂದಳು. ಎಲ್ಲರೂ ಕಣ್ಣು ಮುಚ್ಚಿ ಅಗಿದರು. ಸುಬ್ಬಲಕ್ಷ್ಮಮ್ಮ ನೋಡಿದಳು, ಮೂಸಿದಳು, ಸೆರಗಿಗೆ ಗಂಟು ಹಾಕಿಕೊಂಡಳು.

“ತಿನ್ನಲಿಲ್ವಾಮ್ಮ?”

“ಮಗಳಿಗೆ ಇಟ್ಕೊಂಡಿದೀನಿ ತಾಯಿ. ಒಬ್ಬಳೇ ಎಂಗೆ ತಿನ್ನೋದು?”

ಪಕ್ಕದಲ್ಲಿ ಕೂತಿದ್ದ ಸುಬ್ರಮಣಿ ಗಟ್ಟಿಯಾಗಿ ನಕ್ಕ. ಅವನು ಕೋರಮಂಡಲ್‌ನವನು, ಹಳೆಯ ಚಿನ್ನದ ಗಣಿ ಕೆಲಸಗಾರ; ಮಾತಿನಲ್ಲಿ ತಮಿಳು ಬೆರೆಯುತ್ತಿತ್ತು, ತಂಗಿಗೆ ತಂಗಚ್ಚಿ ಎನ್ನುತ್ತಿದ್ದ. ಅವನ ಹೆಂಡತಿ ಮೂರು ವರ್ಷದಿಂದ ಮಾತು ನಿಲ್ಲಿಸಿದ್ದಳು. “ನಾನು ತಿಂದ್ಬಿಟ್ಟೆ ತಂಗಚ್ಚಿ,” ಎಂದ. “ಸತ್ಯ ಹೇಳ್ತೀನಿ, ಒಂದು ಸಾಕಾಗಲಿಲ್ಲೆ.”

ಎರಡನೆಯ ಗುರುವಾರ ಸುಮಲತ ಉಸಿರಿನ ಪಾಠ ಹೇಳಿಕೊಟ್ಟಳು. ದಿನಾ ಇಪ್ಪತ್ತು ನಿಮಿಷ ಸುಮ್ಮನೆ ಕೂತು ಉಸಿರು ನೋಡಬೇಕು. ಅದನ್ನು ಬದಲಾಯಿಸಲು ಹೋಗಬಾರದು. ಮನಸ್ಸು ಬೇರೆಲ್ಲೋ ಹೋದರೆ ಬೈದುಕೊಳ್ಳದೆ ಮತ್ತೆ ಉಸಿರಿಗೇ ವಾಪಸು ಬರಬೇಕು.

ಈ ಪಾಠದಲ್ಲಿ ಮಾತ್ರ ಸುಬ್ಬಲಕ್ಷ್ಮಮ್ಮನಿಗೆ ಯಾವ ಗೊಂದಲವೂ ಆಗಲಿಲ್ಲ. ಇದು ಅವಳಿಗೆ ಗೊತ್ತಿದ್ದ ಕೆಲಸವೇ.

ಅವಳು ಹುಟ್ಟಿ ಬೆಳೆದದ್ದು ಚಾಂಪಿಯನ್ ರೀಫ್ಸಿನ ಗಣಿ ಲೈನಿನಲ್ಲಿ, ಸಾಲುಮನೆಯಲ್ಲಿ. ಅಪ್ಪ ಭೂಮಿಯ ಹೊಟ್ಟೆಯೊಳಗೆ ಕಲ್ಲು ಕೊರೆದು ಕೊರೆದು ಎದೆಗೆ ದೂಳು ಕೂರಿಸಿಕೊಂಡು ಬಂದಿದ್ದ. ಆ ಲೈನಿನಲ್ಲಿ ಅಂಥವರು ಮನೆಗೊಬ್ಬರು. ದೊಡ್ಡವರು ಕೂಲಿಗೆ ಹೋಗುವಾಗ ಮನೆಯ ಮಗುವೊಂದನ್ನು ಮಂಚದ ಪಕ್ಕ ಕೂರಿಸಿ ಹೋಗುತ್ತಿದ್ದರು. ಆ ಮಗುವಿನ ಕೆಲಸ ಉಸಿರು ನೋಡುವುದು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಹತ್ತು ಎಣಿಸುವಷ್ಟು ಹೊತ್ತಾದರೆ ಓಡಿಹೋಗಿ ಪಕ್ಕದವರನ್ನು ಕರೆಯಬೇಕು. ಲೈನಿನಲ್ಲಿ ಹೋಗಿಬರುವವರು, “ಏನಮ್ಮಣ್ಣಿ, ಉಸಿರು ನೋಡ್ತಿದೀಯಾ?” ಎಂದು ಕೇಳಿ, ಹುರಿಗಡಲೆ ಕೈಗೆ ಹಾಕಿ ಹೋಗುತ್ತಿದ್ದರು. ಸುಬ್ಬಲಕ್ಷ್ಮಮ್ಮ ಮೂರನೇ ಕ್ಲಾಸು ಬಿಟ್ಟದ್ದು ಅದಕ್ಕೇ. ಅಪ್ಪನ ಎದೆಯ ಸಿಳ್ಳೆ ಅವಳಿಗೆ ಎಷ್ಟು ಪಾಠವಾಗಿತ್ತೆಂದರೆ, ಒಲೆಯ ಮುಂದೆ ಕೂತೇ ಇವತ್ತು ಹೆಚ್ಚೋ ಕಡಿಮೆಯೋ ಹೇಳುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ ನೀರು ಕುಡಿಯಲು ಎದ್ದುಹೋಗಿ ಬರುವಷ್ಟರಲ್ಲಿ ಸಿಳ್ಳೆ ನಿಂತಿತ್ತು. ಒಂದು ಲೋಟ ನೀರು, ಅಷ್ಟೇ.

ಹಾಗಾಗಿ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಉಸಿರು ನೋಡಿ ಎಂದರೆ ಯಾರ ಉಸಿರು ಎಂದು ಕೇಳುವ ಅಗತ್ಯವೇ ಅವಳಿಗೆ ಬರಲಿಲ್ಲ.

ಮಾರನೆಯ ದಿನದಿಂದ ಹಾಲು ಕರೆದಾದ ಮೇಲೆ ಮಗಳ ಚಾಪೆಯ ಪಕ್ಕ ಕೂತಳು. ಇಪ್ಪತ್ತು ನಿಮಿಷ, ಗೋಡೆ ಗಡಿಯಾರ ನೋಡಿಕೊಂಡು. ಹೊದಿಕೆ ಏಳುವುದು, ಇಳಿಯುವುದು. ಮನಸ್ಸು ಬೂಸಾದ ಕಡೆ ಹೋದರೆ, ಬೈದುಕೊಳ್ಳದೆ ವಾಪಸು ಮಗಳ ಬೆನ್ನಿಗೆ. ಗುರುವಾರ ಬಂದಾಗ ಸುಮಲತಳಿಗೆ ವರದಿ ಒಪ್ಪಿಸಿದಳು.

“ಹದಿನಾಲ್ಕು ಸಲ ಬತ್ತದೆ ತಾಯಿ ನಿಮಿಷಕ್ಕೆ. ಸೋಮವಾರ ಮಾತ್ರ ಹದಿನೇಳು ಆಗಿತ್ತು.”

“ಎಣಿಸಬೇಡಿ ಅಮ್ಮ, ಸುಮ್ನೆ ಗಮನಿಸಿ. ಚೆನ್ನಾಗಿ ಮಾಡ್ತಿದ್ದೀರ. ನಿಮಗೇನನ್ನಿಸ್ತು?”

“ನಂಗೇನು ಅನ್ಸೋದು? ನಿಂತೋಗ್ದಿದ್ರೆ ಸಾಕು ಅನ್ಸ್ತು.”

ಸುಮಲತ ಏನೋ ಬರೆದುಕೊಂಡಳು. ಉಳಿದವರು ಭುಜ ಹಗುರಾಯಿತು, ನಿದ್ದೆ ಬಂತು ಎನ್ನುತ್ತಿದ್ದರು. ಸುಬ್ಬಲಕ್ಷ್ಮಮ್ಮನ ಕತ್ತು ಮಾತ್ರ ದಿನದಿಂದ ದಿನಕ್ಕೆ ಬಿಗಿಯುತ್ತ ಬಂತು. ನನ್ನ ಬುದ್ಧಿಗೆ ಈ ಪಾಠ ಹತ್ತುತ್ತಿಲ್ಲವೇನೋ ಎಂದುಕೊಂಡು, ಇಪ್ಪತ್ತು ನಿಮಿಷವನ್ನು ಮೂವತ್ತು ಮಾಡಿದಳು.

ಆರನೆಯ ವಾರದ ಒಂದು ಬೆಳಿಗ್ಗೆ ಗೋಡೆಗೆ ಮುಖ ಮಾಡಿದ್ದ ಶ್ರೀದೇವಿ ಇದ್ದಕ್ಕಿದ್ದಂತೆ ಈಚೆಗೆ ತಿರುಗಿದಳು.

“ನಾನಿನ್ನೂ ಸತ್ತಿಲ್ಲಮ್ಮ.”

“ಬಿಡ್ತು ಅನ್ನು! ಪಾಠ ಕಣೇ ಇದು. ಆ ಮೇಡಮ್ಮೇ ಯೋಳ್ಕೊಟ್ಟಿರೋದು, ಉಸಿರು ನೋಡು ಅಂತ.”

“ನಂದಾ?”

“ಇನ್ಯಾರ್ದು?”

ಶ್ರೀದೇವಿ ಮೊಣಕೈ ಊರಿ ತಲೆ ಎತ್ತಿದಳು. “ನೀನು ಇಂಗೆ ನೋಡ್ತಾ ಕೂತಿದ್ರೆ ನಂಗೆ ಉಸಿರು ತಗೊಳ್ಳಕ್ಕೂ ಭಯ ಆಯ್ತದೆ. ಒಂದು ಎಚ್ಚು ಕಮ್ಮಿ ಆದ್ರೆ ನೀನು ಬೆಚ್ಚಿ ಬೀಳ್ತೀಯ. ನಿನ್ನ ಲೆಕ್ಕಕ್ಕೆ ಸರಿಯಾಗಿ ತಗೋಬೇಕು ಅಂತ ನಾನೂ ಎಣಿಸ್ಕೊಂಡು ಬಿದ್ಕೊಂಡಿರ್ತೀನಿ,” ಎಂದಳು. ಹತ್ತು ತಿಂಗಳಲ್ಲಿ ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಆಮೇಲೆ ಗೋಡೆಗೆ ತಿರುಗಿದಳು.

ಆ ಗುರುವಾರ ಸುಬ್ಬಲಕ್ಷ್ಮಮ್ಮ ಎಲ್ಲರ ಮುಂದೆ ಇದನ್ನು ಹೇಳಿದಾಗ ಯಾರೂ ನಗಲಿಲ್ಲ. ಸುಮಲತ ಪೆನ್ನು ಕೆಳಗಿಟ್ಟಳು. “ನಿಮ್ಮ ಉಸಿರು ಅಂತ ನಾನು ಬಿಡಿಸಿ ಹೇಳಬೇಕಿತ್ತು ಅಮ್ಮ. ತಪ್ಪು ನನ್ನದು.”

ಸುಬ್ರಮಣಿ ಗಂಟಲು ಸರಿಮಾಡಿಕೊಂಡ. “ತಪ್ಪು ಯಾರ್ದೂ ಇಲ್ಲೆ ಮೇಡಂ. ನಮ್ಮ ಲೈನಲ್ಲಿ ಮೂಚ್ಚು ನೋಡು, ಉಸಿರು ನೋಡು ಅಂದ್ರೆ ಅದುದಾನೇ ಅರ್ಥ. ನಾನೂ ಹೆಂಡ್ತೀದೇ ನೋಡ್ತಾ ಇದ್ದೆ. ಅವಳು ಬಾಯಿ ತೆರೆದು ಬೈಯ್ಯಲಿಲ್ಲ, ಅಷ್ಟೇ ವ್ಯತ್ಯಾಸ.” ಆಮೇಲೆ ಸುಬ್ಬಲಕ್ಷ್ಮಮ್ಮನ ಕಡೆ ತಿರುಗಿ, “ನಿನ್ನ ಮಗಳು ಬೈದಾಳೆ ತಂಗಚ್ಚಿ. ಪುಣ್ಯ ಮಾಡಿದ್ದೀಯ,” ಎಂದ.

ಪುಣ್ಯವೋ ಪಾಪವೋ ಅವಳಿಗೆ ತಿಳಿಯಲಿಲ್ಲ. ಸುಮಲತ ಹತ್ತಿರ ಕೂತು ಕೇಳಿದಳು: “ಈಗ ಕಣ್ಣು ಮುಚ್ಚಿ, ನಿಮ್ಮದು ನೋಡ್ತೀರಾ?”

“ಕಣ್ಣು ಮುಚ್ಚಿದ್ರೆ ಅವಳ್ನ ನೋಡೋರ್ಯಾರು?”

“ಅವಳು ಇಲ್ಲಿ ಇಲ್ಲವಲ್ಲ ಅಮ್ಮ.”

ಅದು ನಿಜವೇ. ಆದರೂ ಕಣ್ಣು ಮುಚ್ಚಲಿಲ್ಲ. ನಿಜವಾದದ್ದಕ್ಕೆಲ್ಲ ಮೈ ಒಪ್ಪಬೇಕಲ್ಲ.

ಮನೆಯಲ್ಲಿ ನಾಲ್ಕು ದಿನ ಪ್ರಯತ್ನಪಟ್ಟಳು. ಮುಚ್ಚಿದ ರೆಪ್ಪೆ ಮೂರು ಎಣಿಸುವುದರೊಳಗೆ ತೆರೆದುಕೊಳ್ಳುತ್ತಿತ್ತು. ಐದನೆಯ ದಿನ, ಹಾಲು ಕರೆದು ಕ್ಯಾನಿಗೆ ಸೋಸಿಟ್ಟು, ಡೈರಿಗೆ ಇನ್ನೂ ಹೊತ್ತಿದೆ ಎಂದು ಜಗಲಿಯ ಕಂಬಕ್ಕೆ ಒರಗಿದಳು. ಕಣ್ಣು ತಾನಾಗಿ ಮುಚ್ಚಿತು. ಉಸಿರು ಮೂಗಿನಲ್ಲಿ ತಣ್ಣಗೆ ಬರುತ್ತಿತ್ತು, ಬೆಚ್ಚಗೆ ಹೋಗುತ್ತಿತ್ತು. ಐವತ್ತೆಂಟು ವರ್ಷ ಇದು ಇಲ್ಲೇ ಓಡಾಡುತ್ತಿತ್ತಾ? ಯಾರೂ ನೋಡದಿದ್ದರೂ ಬರುತ್ತಿತ್ತಾ? ಅಪ್ಪನದೂ ಹಾಗೇನಾ, ನಾನು ನೋಡಿದ್ದಕ್ಕೆ ಬರುತ್ತಿದ್ದದ್ದೂ ಅಲ್ಲ, ನೀರಿಗೆ ಎದ್ದುಹೋದದ್ದಕ್ಕೆ ನಿಂತದ್ದೂ ಅಲ್ಲವಾ? ಪ್ರಶ್ನೆ ಪೂರ್ತಿಯಾಗುವ ಮೊದಲೇ ಬೆಚ್ಚಿ ಕಣ್ಣು ಬಿಟ್ಟಳು. ಬಿಸಿಲು ಹೊಸ್ತಿಲಿಗೆ ಬಂದಿತ್ತು.

ಚಾಪೆ ಖಾಲಿ.

ಬಚ್ಚಲು ನೋಡಿದಳು, ಕೊಟ್ಟಿಗೆ ನೋಡಿದಳು. ಸೆರಗು ನೆಲಕ್ಕೆ ಎಳೆಯುತ್ತಿದ್ದರೂ ಬೀದಿಗೆ ಓಡಿದಳು. “ಶ್ರೀದೇವೀ!” ಎಂದು ಕೂಗಿದಳು. ಸ್ಟೇಷನ್ ಕಡೆ ಹೋಗುವ ದಾರಿ ಹಿಡಿದವಳಿಗೆ ಡೈರಿಯ ಮುಂದಿನ ಸಾಲು ಕಂಡಿತು. ಸಾಲಿನಲ್ಲಿ, ನೈಟಿಯ ಮೇಲೆ ಟವೆಲ್ಲು ಹೊದ್ದುಕೊಂಡು, ಕೆದರಿದ ತಲೆಯಲ್ಲಿ, ಕ್ಯಾನು ಹಿಡಿದು ನಿಂತಿದ್ದಳು ಮಗಳು.

“ಟೈಮಾಗೋಯ್ತಿತ್ತು,” ಎಂದಳು ಶ್ರೀದೇವಿ, ನೆಲ ನೋಡುತ್ತ. “ನೀನು ಕಣ್ಣು ಮುಚ್ಕೊಂಡಿದ್ದೆ. ಎಬ್ಬಿಸ್ಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ.”

ಸುಬ್ಬಲಕ್ಷ್ಮಮ್ಮನಿಗೆ ಬೈಯಬೇಕೆನ್ನಿಸಿತು, ಅಪ್ಪಿಕೊಳ್ಳಬೇಕೆನ್ನಿಸಿತು. ಎರಡೂ ಆಗದೆ ಕ್ಯಾನಿನ ಇನ್ನೊಂದು ಕಡೆ ಕೈ ಹಾಕಿದಳು.

ಮಾರನೆಯ ದಿನ ಶ್ರೀದೇವಿ ತಾನಾಗಿ ಏಳಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಹಾಗಾದರೆ ಆ ದಿನ ಎದ್ದದ್ದು ಮಾತ್ರೆಯಿಂದಲೋ, ಪಾಠದಿಂದಲೋ, ಹಾಲು ಕೆಡುತ್ತದೆಂಬ ಚಿಂತೆಯಿಂದಲೋ? ಏಳನೆಯ ಗುರುವಾರ ಸುಮಲತಳನ್ನು ಕೇಳಿದರೆ, “ನನಗೂ ಗೊತ್ತಿಲ್ಲ ಅಮ್ಮ,” ಎಂದಳು. ಓದಿದವರಿಗೇ ಗೊತ್ತಿಲ್ಲ ಎಂದಮೇಲೆ ಇನ್ನು ಯಾರನ್ನು ಕೇಳುವುದು?

ಕೊನೆಯ ಗುರುವಾರ ಸೀರೆ ಬದಲಾಯಿಸಿ, ಚಿಕ್ಕವೆಂಕಟಮ್ಮನನ್ನು ಕರೆಯಲು ಹೊರಟವಳನ್ನು ಚಾಪೆಯ ಮೇಲಿನ ದನಿ ತಡೆಯಿತು.

“ಅವಳು ಬ್ಯಾಡ ಕಣಮ್ಮ.”

“ಯಾಕೆ? ಕಾವಲಿಗೆ ಒಬ್ರು ಬ್ಯಾಡ್ವಾ?”

“ಅವಳೇನು ಕಾಯ್ತಾಳೆ? ನೀನು ಆಟೋ ಹತ್ತಿದ್ದೇ ತಡ, ಬಾಗಿಲಲ್ಲಿ ಬಿದ್ಕೊಂಡು ಗೊರಕೆ ಒಡೀತಾಳೆ. ಎಲ್ಲಾ ವಾರಾನೂ ಅಷ್ಟೇ. ಒಂದಿನ ಬಾಯೊಳಕ್ಕೆ ನೊಣ ಓಗ್ತಿತ್ತು, ನಾನೇ ಓಡಿಸ್ದೆ.”

ಸುಬ್ಬಲಕ್ಷ್ಮಮ್ಮ ಹೊಸ್ತಿಲಲ್ಲೇ ನಿಂತಳು. ಏಳು ಗುರುವಾರ. ಏಳು ಗುರುವಾರ ಯಾರೂ ನೋಡಿಲ್ಲ. ಭಯವಾಯಿತು, ಅದರ ಹಿಂದೆಯೇ ನಗು ಬಂತು, ನಗುವಿನ ಹಿಂದೆ ಮತ್ತೆ ಭಯ. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು?

ಹೊರಗೆ ಶೇರ್ ಆಟೋ ಹಾರ್ನ್ ಹೊಡೆಯಿತು. “ಬತ್ತೀಯಾ ಅಜ್ಜಿ, ಇಲ್ವಾ? ರೈಲು ಇಡಿಯೋರವ್ರೆ, ಓಗ್ಬೇಕು!”

ಮಗಳ ಕಡೆ ನೋಡಿದಳು. ಹೊದಿಕೆ ಏಳುತ್ತಿದೆಯೋ ಇಳಿಯುತ್ತಿದೆಯೋ ನೋಡಬೇಕೆನ್ನಿಸಿತು. ಎಣಿಸಲು ಶುರುಮಾಡಿ, ಎರಡಕ್ಕೆ ನಿಲ್ಲಿಸಿದಳು.

“ಮಧ್ಯಾನಕ್ಕೆ ಹಸುಗಳಿಗೆ ನೀರು ತೋರ್ಸು,” ಎಂದಳು.

ಆಟೋದ ಮೆಟ್ಟಿಲಿಗೆ ಒಂದು ಕಾಲಿಟ್ಟು, ಮತ್ತೊಂದನ್ನು ನೆಲದ ಮೇಲೇ ಬಿಟ್ಟುಕೊಂಡು ಕಾದಳು. ಆಗ ಒಳಗಿನಿಂದ, ಬೇಸರವೋ ನಿದ್ದೆಯೋ ತಿಳಿಯದ ದನಿಯಲ್ಲಿ, “ಊಂ,” ಎಂದು ಕೇಳಿಸಿತು.

ಸುಬ್ಬಲಕ್ಷ್ಮಮ್ಮ ಇನ್ನೊಂದು ಕಾಲನ್ನೂ ಮೇಲಕ್ಕೆ ತೆಗೆದುಕೊಂಡಳು.