ತುಳುಕದ ಕಾಫಿ

ಕಾಗದನಗರದಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ಫಿಟ್ಟರ್, ಹೆಂಡತಿಯ ಸೊಂಟನೋವಿಗೆ ಡಾಕ್ಟರನ್ನು ನಂಬಲಿಲ್ಲ. ಗಾಡಿಯ ಕುಲುಕಾಟವೇ ಕಾರಣವೆಂದು, ತಮ್ಮ ಫೋರ್ ವೀಲ್ ಡ್ರೈವ್ ಪಿಕಪ್ಪಿನ ಮುಂದಿನ ಶಾಕ್ ಅಬ್ಸಾರ್ಬರುಗಳನ್ನು ತಾವೇ ಬದಲಿಸಲು ಕೂತರು. ಅಂಗಳದಲ್ಲಿ ಜಾಕ್ ಏರಿಸಿ, ಗಾಡಿಯಡಿ ಗೋಣಿಚೀಲ ಹಾಸಿ ಮಲಗುತ್ತಿದ್ದರು. ಏನು ಕೇಳಿದರೂ "ಟೆಸ್ಟ್ ಆಗ್ಲಿ ಮಾರಾಯ" ಎನ್ನುತ್ತಿದ್ದರು.

ಟೆಸ್ಟ್ ಎಂದರೆ, ಹೆಂಡತಿ ತುಂಬಿದ ಕಾಫಿ ಲೋಟ ಹಿಡಿದು ಮುಂದಿನ ಸೀಟಿನಲ್ಲಿ ಕೂರಬೇಕು. ಶಂಕರಘಟ್ಟಕ್ಕೆ ಹೋಗಿ ಬರುವಷ್ಟರಲ್ಲಿ ಸೀರೆಯ ಮೇಲೆ ಕಲೆ ಬಿದ್ದರೆ ಮತ್ತೆ ಎಲ್ಲ ಬಿಚ್ಚುತ್ತಿದ್ದರು. ಕೊನೆಗೊಂದು ಭಾನುವಾರ ಕಲೆಯಿರಲಿಲ್ಲ. ಅವರು ಸ್ಪ್ಯಾನರುಗಳನ್ನು ಒರೆಸಿ ಒಳಗಿಟ್ಟರು.

ಆಕೆ ಕಾಂಪೌಂಡಿನಾಚೆಯಿಂದ ನನಗೆ ಮೆಲ್ಲಗೆ ಹೇಳಿದರು: "ಅವ್ರು ಗೇಟ್ ಹಾಕೋಕೆ ಇಳಿದಾಗ ಅರ್ಧ ಕುಡಿದ್ಬಿಟ್ಟೆ. ನನ್ನ ಸೊಂಟಕ್ಕೆ ಅಂತ ಗಾಡಿ ಕೆಳಗೆ ಮಲಗಿ ಮಲಗಿ ಅವ್ರ ಸೊಂಟ ಹೋಗ್ತಿತ್ತು ಕಣಪ್ಪ."